ಟವಲಿಗೆ ಸೀಟು, ಚಿಕ್ಕಪ್ಪನಿಗೆ ಓಟ

ಬಸ್ಸಿನಲ್ಲಿ ಸೀಟು ಹಿಡಿದು, ಆಮೇಲೆ ಕೆಳಗಿಳಿದು, ಅದೇ ಬಸ್ಸಿನ ಹಿಂದೆ ಓಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು, ಜೊತೆಯಲ್ಲೇ ಓಡಿದ್ದೇನೆ! ಆತ ನನ್ನ ಚಿಕ್ಕಪ್ಪ.

ಎಪ್ಪತ್ತರ ದಶಕದ ಕೊನೆ. ನಾನು ಗುಬ್ಬಿಯಲ್ಲಿ ಅಜ್ಜಿ, ಚಿಕ್ಕಪ್ಪನ ಜೊತೆಗಿದ್ದು ಹತ್ತನೇ ತರಗತಿ ಓದುತ್ತಿದ್ದೆ. ಯಡಿಯೂರಿನಲ್ಲಿ ಅಂಗಡಿ ಇಟ್ಟಿದ್ದ ಅಪ್ಪ ಆಗಲೇ ನನಗೊಂದು ಗಂಡು ನೋಡಿದ್ದರು. ಪೊದೆ ಮೀಸೆಯ ಫೋಟೋ ಕೂಡ ಮನೆಗೆ ಬಂದಾಗಿತ್ತು! ಅಷ್ಟರಲ್ಲಿ ಚಿಕ್ಕಪ್ಪ ಒಂದು ಸುದ್ದಿ ತಂದ. ಜಿಲ್ಲೆಯ ನೂರು ಮೀಟರ್ ಓಟದಲ್ಲಿ ಗೆದ್ದ ಹುಡುಗಿಗೆ ತುಮಕೂರಿನ ಕಾಲೇಜೊಂದರಲ್ಲಿ ಓದು, ಹಾಸ್ಟೆಲು ಎರಡೂ ಪುಕ್ಕಟೆಯಂತೆ.

"ಗೆದ್ರೆ ಓದ್ಲಿ. ಸೋತ್ರೆ ಮದ್ವೆ," ಎಂದರು ಅಪ್ಪ.

ಚಿಕ್ಕಪ್ಪ ಪಕ್ಕದ ಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು. ಎಲ್ಲಿಂದಲೋ ಒಂದು ಪತ್ರಿಕೆ ತಂದು ಅಡುಗೆಮನೆ ಬಾಗಿಲಲ್ಲೇ ಪಾಠ ಶುರುಮಾಡಿದ. "ನೋಡವ್ವ, ಮಾಂಸಖಂಡದಲ್ಲಿ ಎರಡು ಥರದ ಎಳೆ ಇರ್ತವೆ. ಒಂದು ನಿಧಾನದ್ದು, ಒಂದು ಚುರುಕಿನದು. ದಿನಾ ದಮ್ಮು ಕಟ್ಟಿ ಓಡಿದ್ರೆ ಅದರೊಳಗಿನ ಪ್ರೋಟೀನೇ ಬದಲಾಗ್ತದಂತೆ. ತೊಡೆಯಿಂದ ಚೂರು ಮಾಂಸ ತೆಗೆದು ನೋಡವ್ರೆ!"

ಅಜ್ಜಿ ಕೊರಳಿನ ಲಿಂಗ ಮುಟ್ಟಿಕೊಂಡರು. "ಲಿಂಗ ಕಟ್ಟಿದ ಮನೇಲಿ ಮಾಂಸದ ಮಾತೇನ್ಲಾ!"

"ಮನುಷ್ಯರ ತೊಡೇದು ಕಣವ್ವ!"

"ಯಾರ್ದಾದ್ರೇನು? ಆಚೆಗೋಗಿ ಮಾತಾಡು!"

ಅಂದಿನಿಂದ ನಮ್ಮ ಮನೆಯ ವಿಜ್ಞಾನ ಜಗಲಿಗೆ ಹೋಯಿತು. ಅಲ್ಲಿಂದ ಕುಣಿಗಲ್ಲಿನ ಕುದುರೆ ಫಾರಮ್ಮಿಗೂ ಹೋಯಿತು. "ಕುದುರೆ ತಗೋತೀರಾ ಸಾರ್?" ಎಂದ ಕಾವಲುಗಾರನಿಗೆ ಚಿಕ್ಕಪ್ಪ, "ಇಲ್ಲಪ್ಪ, ತೊಡೆ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದನಂತೆ! ವಾಪಸು ಬರುವಾಗ ತಂದದ್ದು ಒಂದು ಮೂಟೆ ಹುರುಳಿ. ಹುರುಳಿ ಸಾರು, ಹುರುಳಿ ಉಸಲಿ, ಹುರುಳಿ ಚಟ್ನಿ. "ಇನ್ನೊಂದು ವಾರ ಹಿಂಗೇ ಆದ್ರೆ ನಾನು ಕೆನೀತೀನಿ ನೋಡು," ಎಂದರು ಅಜ್ಜಿ.

ಇನ್ನು ಬಸ್ಸಿನ ತರಬೇತಿ. ಬೆಳಿಗ್ಗೆ ತನ್ನ ಶಾಲೆಯ ಹಳ್ಳಿಗೆ ಹೋಗುವ ಬಸ್ಸು ಬಂದ ಕೂಡಲೇ ಚಿಕ್ಕಪ್ಪ ಹತ್ತಿ ಸೀಟಿಗೆ ಟವಲು ಹಾಕಿ ಇಳಿಯುತ್ತಿದ್ದ. ಟವಲು ಬಿದ್ದ ಸೀಟನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲವಲ್ಲ! ಬಸ್ಸು ಹೊರಟಿತೋ, ಚಪ್ಪಲಿ ಕೈಯಲ್ಲಿ ಹಿಡಿದು ಅವನೂ, ಲಂಗ ಎತ್ತಿ ಕಟ್ಟಿದ ನಾನೂ ಹಿಂದೆ. ಕಿಟಕಿಯಿಂದ ಇಣುಕಿ, "ಓಡಿ ಮೇಷ್ಟ್ರೇ, ಪ್ರೋಟೀನ್ ಬರ್ತಾ ಐತೆ!" ಎಂದು ಕೂಗುವವರು ಬೇರೆ. ಊರಾಚೆಯ ದಿಬ್ಬದಲ್ಲಿ ಬಸ್ಸು ಏದುಸಿರು ಬಿಡುವಾಗ ಚಿಕ್ಕಪ್ಪ ಹತ್ತಿಕೊಳ್ಳುತ್ತಿದ್ದ. ನಾನು ಮನೆಗೆ ತಿರುಗುತ್ತಿದ್ದೆ. ಮೂರು ತಿಂಗಳು ಒಂದು ದಿನವೂ ಇದು ತಪ್ಪಲಿಲ್ಲ.

ತುಮಕೂರಿನಲ್ಲಿ ಓಟದ ದಿನ ಗೆರೆಯ ಮೇಲೆ ನಿಂತು ತಲೆಯೆತ್ತಿದೆ. ನೋಡಿದರೆ ಕೊನೆಯ ಗೆರೆಯಾಚೆ ಚಿಕ್ಕಪ್ಪ ನೆಲಕ್ಕೆ ಅದೇ ಟವಲು ಹಾಸಿ ನಿಂತಿದ್ದಾನೆ! "ನಿನ್ ಸೀಟು ಹಿಡಿದಿದೀನಿ ಕಣೇ, ಬಾ!"

ಒಂದು ಗೇಣಿನಲ್ಲಿ ಗೆದ್ದೆ. ಪ್ರೋಟೀನಿನಿಂದ ಎಂದ ಚಿಕ್ಕಪ್ಪ. ಹುರುಳಿಯಿಂದ ಎಂದರು ಅಜ್ಜಿ. ಆ ಪೊದೆ ಮೀಸೆಯ ಪಾಲೆಷ್ಟು ಎಂದು ನಾನು ಯಾರಿಗೂ ಹೇಳಲಿಲ್ಲ.

ಹಾಸ್ಟೆಲಿಗೆ ಹೊರಟ ದಿನವೂ ಚಿಕ್ಕಪ್ಪನೇ ಟವಲು ಹಾಕಿ ನನ್ನನ್ನು ಕಿಟಕಿ ಪಕ್ಕ ಕೂರಿಸಿದ. ಬಸ್ಸು ಹೊರಟಿತು. ಅಭ್ಯಾಸಬಲ, ಹಿಂದೆಯೇ ಓಡಿಬಂದ! ಬಸ್ಸಿನವರೆಲ್ಲ ಶಿಳ್ಳೆ ಹೊಡೆದರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. ಅದೇ ದಿಬ್ಬ ಬಂತು, ಬಸ್ಸು ನಿಧಾನವಾಯಿತು. ಚಿಕ್ಕಪ್ಪ ಇನ್ನೇನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ನಾನು ಬ್ಯಾಗು ಹಿಡಿದು ಅರ್ಧ ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ಆತ ತಟ್ಟನೆ ನಿಂತ. ಸೊಂಟಕ್ಕೆ ಕೈ ಕೊಟ್ಟು, ಹೋಗು ಹೋಗು ಎಂದು ಚಪ್ಪಲಿ ಬೀಸಿದ.

ದಸರಾ ರಜೆಗೆ ಬಂದಾಗ ರೇಗಿಸಿದೆ. "ಏನ್ ಚಿಕ್ಕಪ್ಪ, ಆವತ್ತು ಪ್ರೋಟೀನ್ ಕೈಕೊಡ್ತಾ? ನಾಲ್ಕೇ ಹೆಜ್ಜೆ ಇತ್ತಲ್ಲ!"

ಚಿಕ್ಕಪ್ಪ ಟವಲಿನಿಂದ ಮುಖ ಒರೆಸಿಕೊಂಡ.

"ನಾನು ಹತ್ತಿದ್ರೆ ನೀನು ಇಳಿದುಬಿಡ್ತಿದ್ದೆ ಕಣೇ," ಎಂದ. "ದಿನಾ ಅಲ್ಲೇ ತಾನೆ ನೀನು ಮನೆಗೆ ತಿರುಗ್ತಿದ್ದಿದ್ದು?"