ಮೂಡಿಗೆರೆಯಿಂದ ಏರ್‌ಪೋರ್ಟಿಗೆ ಶೇರಿಂಗ್ ಕಾರು

ಮೂಡಿಗೆರೆಯಲ್ಲಿ ನನ್ನದೊಂದು ಕಾರಿದೆ. ಅದನ್ನು ಆ್ಯಪ್ ಕಂಪನಿಯೊಂದಕ್ಕೆ ಸೇರಿಸಿ ಬೆಂಗಳೂರು ಏರ್‌ಪೋರ್ಟಿಗೆ ಜನರನ್ನು ಬಿಡೋದು, ಕರ್ಕೊಂಡು ಬರೋದು ನನ್ನ ಕೆಲಸ. ವಿಮಾನದೊಳಗೆ ಏನೇನಾಗುತ್ತೋ ನನಗೆ ಗೊತ್ತಿಲ್ಲ, ಒಮ್ಮೆಯೂ ಹತ್ತಿದವನಲ್ಲ. ಆದರೆ ಅದಕ್ಕೆ ಮೊದಲು ನಮ್ಮ ಕಾರಿನಲ್ಲಿ ಏನಾದರೊಂದು ಆಗದೆ ದಿನ ಮುಗಿದದ್ದೇ ಇಲ್ಲ.

ಗುಡ್ಡದ ಮೇಲಿನ ಒಟಿಪಿ

ಜಾವಳಿಯ ಎಸ್ಟೇಟ್ ಸಾಹುಕಾರರ ಹೆಂಡತಿಯನ್ನು ಏರ್‌ಪೋರ್ಟಿಗೆ ಬಿಡಬೇಕಿತ್ತು. ಅಮ್ಮಾವ್ರು ಬಂದು ಕಾರಲ್ಲಿ ಕೂತರು. ಬುಕ್ ಮಾಡಿದ್ದು ಸಾಹುಕಾರರ ಫೋನಿಂದ, ಒಟಿಪಿ ಬರಬೇಕಾದ್ದೂ ಅದಕ್ಕೇ. ಆ ಫೋನಿಗೆ ಸಿಗ್ನಲ್ ಸಿಗೋದು ತೋಟದ ಹಿಂದಿನ ಗುಡ್ಡದ ತುದಿಯಲ್ಲಿ ಮಾತ್ರ. ಹಾಗಾಗಿ ಸಾಹುಕಾರರು ಗುಡ್ಡ ಹತ್ತಿದ್ದರು. "ನೀವು ಇಳಿದು ಬಂದು ಹೇಳೋ ಹೊತ್ತಿಗೆ ನನ್ನ ವಿಮಾನ ಹಾರಿರುತ್ತೆ, ಅಲ್ಲಿಂದ್ಲೇ ಕೂಗಿ" ಅಂತ ಅಮ್ಮಾವ್ರು ಮೊದಲೇ ಹೇಳಿ ಕಳಿಸಿದ್ದರು.

ಸಾಹುಕಾರರು ಕೂಗಿದರು. ದನಿ ಗೇಟಿನ ತನಕ ಬರಲಿಲ್ಲ. ನಡುವೆ ಕಾಫಿ ಹಣ್ಣು ಕೊಯ್ಯಿಸುತ್ತಿದ್ದ ಮೇಸ್ತ್ರಿ ಅದನ್ನು ಕೇಳಿಸಿಕೊಂಡು ಇನ್ನೂ ಜೋರಾಗಿ ಕೂಗಿದ. ಅವನ ಗಂಟಲು ಸಾಲದೆಂದು ಕೊಯ್ಲಿನ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ನಂಬರ್ ಒಂಚೂರೂ ತಪ್ಪಿಲ್ಲದೆ ಬಂತು. ಒತ್ತಿದೆ, ಟ್ರಿಪ್ ಶುರುವಾಯಿತು.

ಇನ್ನೇನು ಹೊರಡಬೇಕು, ಗುಡ್ಡದ ಮೇಲಿಂದ ಮತ್ತೆ ಕೂಗು. ಮೇಸ್ತ್ರಿ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಒದರಿದ: "ನಿಲ್ಸು ಮಾರಾಯಾ! ಮೆಸೇಜಲ್ಲಿ ಇನ್ನೂ ಬರೆದಿದೆಯಂತೆ. ಈ ನಂಬರ್ ಯಾರಿಗೂ ಹೇಳಬಾರದಂತೆ!"

ಷಡ್ಡಕರ ಶೇರಿಂಗ್

ಆಲ್ದೂರಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಸೀಟು ಹಿಡಿದಿದ್ದರು. ಒಬ್ಬರದು ಜವಳಿ ಅಂಗಡಿ, ಇನ್ನೊಬ್ಬರದು ಕಾಫಿ ವ್ಯಾಪಾರ. ಹತ್ತಿದ ಮೇಲೆ ಗೊತ್ತಾಯಿತು, ಅಕ್ಕತಂಗಿಯರನ್ನು ಮದುವೆಯಾದವರು, ವರ್ಷಗಟ್ಟಲೆ ಮಾತು ಬಿಟ್ಟವರು.

"ಕಿಟಕಿ ಹಾಕೋಕೆ ಅವರಿಗೆ ಹೇಳಪ್ಪ."

"ನನಗೆ ಗಾಳಿ ಬೇಕು ಅಂತ ಹೇಳಪ್ಪ."

ಪಕ್ಕಪಕ್ಕದಲ್ಲೇ ಕೂತವರ ಮಾತನ್ನು ಹಾಸನ ದಾಟುವವರೆಗೂ ಆಚೀಚೆ ಮುಟ್ಟಿಸಿದೆ. ಆಮೇಲೆ ತಿಳಿದದ್ದೆಂದರೆ, ಇಬ್ಬರೂ ಹೊರಟಿರುವುದು ಕಾಶಿಯಿಂದ ಬರುವ ಒಬ್ಬರೇ ಅತ್ತೆಯನ್ನು ಕರೆತರಲಿಕ್ಕೆ. ಇಬ್ಬರನ್ನೂ ಅವರವರ ಹೆಂಡತಿಯರೇ ಕಳಿಸಿದ್ದರು.

ಅತ್ತೆ ಗಂಗಾಜಲದ ಗಿಂಡಿ ಹಿಡಿದು ಹೊರಗೆ ಬಂದರು. ಅಳಿಯಂದಿರು ಕಾಲಿಗೆ ಬಿದ್ದರು. "ಈಗ ಯಾರ ಮನೆಗೆ ಬರ್ಲಪ್ಪ?" ಅಂದರು ಅವರು.

ಇಬ್ಬರೂ ಒಬ್ಬರ ಕಡೆಗೊಬ್ಬರು ತಿರುಗಿ ಒಟ್ಟಿಗೇ ಹೇಳಿದರು: "ನಿಮ್ಮನೆಗೇ ಬರ್ಲಿ!"

ಅತ್ತೆ ಗಿಂಡಿಯನ್ನು ಹಣೆಗೆ ಒತ್ತಿಕೊಂಡರು. "ವಿಶ್ವನಾಥ, ಅಂತೂ ಇವರಿಬ್ರನ್ನೂ ಮಾತಾಡಿಸಿಬಿಟ್ಯಲ್ಲೋ!"

ಗೇಟು

ಕುದುರೆಮುಖದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ವಿಮಾನ ಇಳಿದು ಫೋನ್ ಮಾಡಿದರು. "ಹೊರಗೆ ಬಂದೆ. ಬೇಗ ಬಾ ಮಾರಾಯ."

"ಯಾವ ಗೇಟು ಸಾರ್?"

"ಗೇಟೇನೂ ಹಾಕಿಲ್ಲ, ತೆಗೆದೇ ಇದೆ. ಸೀದಾ ಒಳಗೆ ಬಂದ್ಬಿಡು."

ಒಂದನೇ ನಂಬರ್

ಕಳಸದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ಮೊದಲ ಸಲ ವಿಮಾನ ಹತ್ತಲು ಹೊರಟಿದ್ದರು. ಕೊಟ್ಟಿಗೆಹಾರ ಬರುವಷ್ಟರಲ್ಲಿ ತಿರುವುಗಳಿಗೆ ತಲೆ ಸುತ್ತಿ, ಹೊಟ್ಟೆಯಲ್ಲಿದ್ದ ದೋಸೆಯೆಲ್ಲ ಹೊರಗೆ ಬಂತು. ಕಾರು ನಿಲ್ಲಿಸಿ ಮುಖ ತೊಳೆಸಿದೆ, ಶುಂಠಿ ಕಷಾಯ ಕುಡಿಸಿದೆ. ಏರ್‌ಪೋರ್ಟಿನಲ್ಲಿ ಅವರು ಒಳಗೆ ಹೋಗಿ ಕಾಣದಾಗುವವರೆಗೂ ನಿಂತಿದ್ದೆ. ಹೋಗುವ ಮುಂಚೆ ಮೇಷ್ಟ್ರು ನನ್ನ ಕೈ ಹಿಡಿದು, "ನಿಮಗೆ ತಕ್ಕದ್ದನ್ನ ಕೊಟ್ಟೇ ಕೊಡ್ತೀನಿ" ಅಂದರು.

ಮರುದಿನ ನನ್ನ ಆ್ಯಪೇ ಬಂದ್. ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, "ನಿಮ್ಮ ಮೇಲೆ ಭಾರಿ ದೂರು ಬಂದಿದೆ. ಒಂದೇ ಸ್ಟಾರ್ ಕೊಟ್ಟಿದ್ದಾರೆ" ಎಂದು ಕೆಳಗೆ ಬರೆದದ್ದನ್ನೂ ಓದಿದಳು: "ಇಂಥ ಡ್ರೈವರನ್ನು ನನ್ನ ಆಯುಷ್ಯದಲ್ಲೇ ಕಂಡಿಲ್ಲ. ಈತನ ವಿಷಯ ಕಂಡಕಂಡವರಿಗೆಲ್ಲ ಹೇಳುತ್ತೇನೆ."

ನನ್ನ ಮನೆ ನಡೆಯುವುದೇ ಆ ಕಾರಿನಿಂದ. ಅಷ್ಟು ನೋಡಿಕೊಂಡಿದ್ದಕ್ಕೆ ಇದೇನಾ ಅನ್ನಿಸಿತು. ಮೇಷ್ಟ್ರು ಊರಿಗೆ ವಾಪಸ್ಸಾದರೆಂದು ತಿಳಿದ ಕೂಡಲೇ ಕಳಸಕ್ಕೆ ಹೋದೆ. ಅವರು ನನ್ನನ್ನು ಕಂಡು ಜಗುಲಿಯಿಂದಲೇ ಹೆಂಡತಿಗೆ ಕೂಗಿ ಹೇಳಿದರು, "ಏ, ಕಾಫಿ ತಗೊಂಬಾ, ನಮ್ಮ ಒಂದನೇ ನಂಬರ್ ಬಂದ್ರು!"

"ಒಂದ್ಯಾಕೆ ಕೊಟ್ರಿ ಸಾರ್?" ಎಂದೆ.

"ಮತ್ತೇನು ಕೊಡ್ಲಿ? ಐದರ ತನಕ ಇತ್ತು. ನೀವೇನು ಐದನೇ ಸ್ಥಾನದಲ್ಲಿ ಪಾಸಾಗೋರಾ?"

ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ ಮೇಷ್ಟ್ರ ಕೈಗೆ ಕೊಟ್ಟೆ. "ಹೌದಮ್ಮ, ಒಂದು ಕೊಟ್ಟಿದ್ದು ನಾನೇ. ಅದಕ್ಕಿಂತ ಮೇಲಿಂದು ಇದ್ದಿದ್ರೆ ಅದನ್ನೇ ಕೊಡ್ತಿದ್ದೆ" ಎಂದರು. ಆ ಹುಡುಗಿ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿತ್ತು. ಕೊನೆಗೂ ಮೇಷ್ಟ್ರು ಐದು ಮಾಡಲು ಒಪ್ಪಿದರು. ಸಂಜೆಯೊಳಗೆ ನನ್ನ ಆ್ಯಪ್ ಚಾಲೂ ಆಗುತ್ತದೆ ಎಂದಳು ಹುಡುಗಿ.

ಮೇಷ್ಟ್ರ ಮುಖ ಮಾತ್ರ ಸಪ್ಪಗಾಗಿತ್ತು. ಕಾರಿನವರೆಗೂ ಬಂದು, ಬೆನ್ನು ತಟ್ಟಿ, ಯಾರಿಗೂ ಕೇಳದ ಹಾಗೆ ಹೇಳಿದರು: "ಕಂಪನಿಯೋರು ಬಿಡ್ಲಿಲ್ಲ, ಐದಕ್ಕೆ ಇಳಿಸಬೇಕಾಯ್ತು. ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಇನ್ನೂ ಚೆನ್ನಾಗಿ ಓಡ್ಸಿ, ಒಂದಕ್ಕೆ ಏರಿಸೋ ಜವಾಬ್ದಾರಿ ನಂದು!"