ನೀಲವ್ವನ ಹೆಬ್ಬೆಟ್ಟು

ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಹೆಂಡತಿಯ ಹೆಬ್ಬೆಟ್ಟು ಒತ್ತಿಸುವುದೂ ಒಂದು ಕೆಲಸವೇ? ಹಾಗಂದುಕೊಂಡೇ ಹತ್ತಿಮತ್ತೂರಿನಲ್ಲಿ ಸವಣೂರಿನ ಬಸ್ಸು ಹತ್ತಿದೆ.

ನನ್ನ ಹೆಂಡತಿ ನೀಲವ್ವನಿಗೆ ತವರಿನಿಂದ ಬಂದ ಎರಡು ಎಕರೆ ಹೊಲವಿದೆ. ಎಮ್ಮೆಯ ಹಾಲು ಮಾರಿ ಕೂಡಿಟ್ಟ ದುಡ್ಡಿನಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಅಲ್ಲಿಗೆ ತುಂತುರು ನೀರಿನ ಪೈಪು ಹಾಕಿಸಿದಳು. ಅದಕ್ಕೆ ಸರ್ಕಾರದ ಸಹಾಯಧನ ಬಂದರೆ ಇನ್ನೊಂದು ಎಮ್ಮೆ ಕೊಳ್ಳುವುದು ಅವಳ ಆಸೆ. ಆದರೆ ಹೆಬ್ಬೆಟ್ಟು ಒತ್ತಿ ಗುರುತು ಖಾತ್ರಿ ಮಾಡಿಸುವವರೆಗೂ ದುಡ್ಡಿಲ್ಲ ಎಂದರು ಕಚೇರಿಯವರು.

ಸೇವಾ ಕೇಂದ್ರ ನಡೆಸುವ ಶಬಾನಾ ನನ್ನ ಹಳೆಯ ವಿದ್ಯಾರ್ಥಿನಿ. ಯಂತ್ರದ ಮೇಲೆ ನೀಲವ್ವ ಹೆಬ್ಬೆಟ್ಟಿಟ್ಟಳು. ಕೆಂಪು ದೀಪ. ಹತ್ತೂ ಬೆರಳು ಮುಗಿದವು, ಹತ್ತಕ್ಕೂ ಕೆಂಪು! ನಾನು ಶಲ್ಯದಿಂದ ಗಾಜು ಒರೆಸಿ, ಯಂತ್ರಗಳ ನಿರ್ವಹಣೆಯ ಕುರಿತು ಚಿಕ್ಕ ಭಾಷಣ ಮಾಡಿದೆ.

“ಯಂತ್ರ ಬರೋಬರಿ ಐತ್ರಿ ಸರ್,” ಎಂದಳು ಶಬಾನಾ ಮೆಲ್ಲಗೆ. “ಅಮ್ಮಾರ ಬೆರಳಾಗ ಗೆರಿನ ಉಳದಿಲ್ಲ.”

ನಾನು ನೀಲವ್ವನ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ನಿಜವೇ. ಕಳೆ ಕಿತ್ತು, ಹಾಲು ಕರೆದು, ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿ ಬೆರಳ ತುದಿಗಳೆಲ್ಲ ನುಣುಪಾಗಿದ್ದವು. ನಲವತ್ತು ವರ್ಷ ಆ ಕೈಯಿಂದ ಉಂಡವನು ಒಮ್ಮೆಯೂ ಅದನ್ನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳು ಮಂದಿ ನೋಡುತ್ತಾರೆಂದು ಕೈ ಎಳೆದುಕೊಂಡಳು.

ಚರ್ಮ ಹೊಸದಾಗಿ ಬೆಳೆಯುತ್ತದೆ, ವಿಶ್ರಾಂತಿ ಕೊಟ್ಟರೆ ಗೆರೆಗಳೂ ಮೂಡುತ್ತವೆ ಎಂದು ಬಸ್ಸಿನಲ್ಲೇ ಘೋಷಿಸಿದೆ. ನೀಲವ್ವ ಎಂಟು ದಿನ ಏನನ್ನೂ ಮುಟ್ಟಕೂಡದು. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂರಬೇಕು. ಮನೆಯ ಸಮಸ್ತ ಆಡಳಿತ ನನ್ನದು!

ಎಮ್ಮೆ ಮೊದಲ ದಿನವೇ ನನ್ನನ್ನು ಒದ್ದು ಕೆಲಸದಿಂದ ವಜಾ ಮಾಡಿತು. ಹಾಲು ಕರೆಯಲು ಪಕ್ಕದ ಮನೆಯ ಗಂಗವ್ವನನ್ನು ಕೈಮುಗಿದು ಕರೆತಂದೆ. ರೊಟ್ಟಿಗೆ ಮಾತ್ರ ಯಾರನ್ನೂ ಕರೆಯಲಿಲ್ಲ, ಅದು ಮರ್ಯಾದೆಯ ಪ್ರಶ್ನೆ. ನಾನು ಬಡಿದ ರೊಟ್ಟಿ ಹಂಚು ಸೇರುವಷ್ಟರಲ್ಲಿ ಮೂರು ತುಂಡಾಗುತ್ತಿತ್ತು.

“ಬಟ್ಟಿಲೆ ನೀರು ಸವರ್ರಿ,” ಎಂದು ಕಟ್ಟೆಯಿಂದ ಸೂಚನೆ ಬಂತು. “ಬೆರಳು ಸುಟ್ಕೊಂಡೀರಿ.”

“ನೀ ಕೈಲೇ ಸವರ್ತಿದ್ದಿ. ನನಗ ಯಾಕ ಬಟ್ಟಿ?” ಎಂದೆ. ಗಂಡಸ್ತನದ ಪ್ರಶ್ನೆ; ಬರಿಗೈಯಲ್ಲೇ ಸವರಿದೆ.

ಎಂಟು ದಿನ ಅವಳು ಸುಟ್ಟ ತುಂಡುಗಳನ್ನು ಹಾಲಿನಲ್ಲಿ ನೆನೆಸಿ, ಚೆನ್ನಾಗಿದೆ ಎನ್ನುತ್ತಲೇ ತಿಂದಳು. ಒಂಬತ್ತನೆಯ ದಿನ ಮತ್ತೆ ಸವಣೂರು. ನೀಲವ್ವ ಉಸಿರು ಬಿಗಿಹಿಡಿದು ಹೆಬ್ಬೆಟ್ಟಿಟ್ಟಳು. ಹಸಿರು ದೀಪ! ಅವಳ ಮುಖ ನೋಡಬೇಕಿತ್ತು. ನನ್ನ ಕಣ್ಣು ತುಂಬಿ ಬಂತು.

ಗೆದ್ದ ಹುರುಪಿನಲ್ಲಿ, ಬಂದದ್ದು ಬಂದಿದ್ದೇವೆ, ನನ್ನ ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನೂ ಮಾಡಿಬಿಡು ಎಂದು ಶಬಾನಾಳಿಗೆ ಹೇಳಿ ಠೀವಿಯಿಂದ ಹೆಬ್ಬೆಟ್ಟಿಟ್ಟೆ. ಕೆಂಪು. ಹತ್ತೂ ಬೆರಳು ಕೆಂಪು!

ನೀಲವ್ವ ಈ ಸಲ ಮಂದಿಯನ್ನು ಲೆಕ್ಕಿಸದೆ ನನ್ನ ಕೈ ಹಿಡಿದು, ಗುಳ್ಳೆಯೆದ್ದು ಸುಲಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ನಲವತ್ತು ವರ್ಷ ಅವಳ ಗೆರೆ ತಿಂದ ಒಲೆ ನನ್ನದನ್ನು ಎಂಟೇ ದಿನದಲ್ಲಿ ಮುಗಿಸಿತ್ತು.

“ಇನ್ನ ನೀವು ಕಟ್ಟಿ ಮ್ಯಾಲ ಕುಂದರ್ರಿ,” ಎಂದಳು.

ಸರ್ಕಾರದ ದೃಷ್ಟಿಯಲ್ಲಿ ಇನ್ನೂ ಬದುಕಿದ್ದೇನೆಂದು ಸಾಬೀತಾಗದ ನಾನು, ಆ ಮಧ್ಯಾಹ್ನ ಅವಳು ಬಟ್ಟೆಯಿಂದ ನೀರು ಸವರಿ ಬೇಯಿಸಿದ ಐದು ರೊಟ್ಟಿ ತಿಂದೆ.