ನಾಲ್ಕನೇ ದರ್ಜೆಯ ಎತ್ತು

ಗಲ್ಫಿನ ವೆಸ್ಟ್ ಬೇಯ ಅಲ್ ಸಬೂರ್ ಸೆಕ್ಯುರಿಟಿ ಕಂಪನಿಯಲ್ಲಿ ಜಾಮೀನು ಪಡೆದು ತಲೆತಪ್ಪಿಸಿಕೊಂಡವರನ್ನು ಹಿಡಿದು ತರುವ ಕೆಲಸ ಇರಲಿಲ್ಲ. ಹುದ್ದೆ ಮಾತ್ರ ಇತ್ತು. ಅಮೆರಿಕದ ಯಾವುದೋ ಕಂಪನಿಯ ಹುದ್ದೆಗಳನ್ನು ಯಥಾವತ್ತಾಗಿ ನಕಲು ಮಾಡುವಾಗ 'ಬೇಲ್ ಏಜೆಂಟ್' ಎಂಬುದೂ ಬಂದು ಸೇರಿಕೊಂಡಿತ್ತು. ಹುದ್ದೆಯೊಂದು ಖಾಲಿ ಬಿದ್ದಿರುವುದು ಆಡಳಿತಕ್ಕೆ ಶೋಭೆ ತರುವಂಥದ್ದಲ್ಲವಾದ್ದರಿಂದ, ಅದನ್ನು ಭರ್ತಿ ಮಾಡಲು ತೀರ್ಮಾನಿಸಲಾಯಿತು.

ಬಂಟ್ವಾಳದ ಇರ್ಷಾದನಿಗೆ ಈ ಹುದ್ದೆ ಬೇಕೇ ಬೇಕಿತ್ತು. ಅವನ ಕಾರ್ಡಿನಲ್ಲಿ 'ಹೆಲ್ಪರ್' ಎಂದಿತ್ತು. ಹೆಲ್ಪರಿಗೆ ಫ್ಯಾಮಿಲಿ ವೀಸಾ ಇಲ್ಲ, ಏಜೆಂಟಿಗೆ ಉಂಟು. ಶಾಹಿನಾಳನ್ನು ಮದುವೆಯಾದ ಮೇಲೆ ಅವನು ಸಂಸಾರ ಮಾಡಿದ್ದೆಲ್ಲ ಮೊಬೈಲಿನಲ್ಲೇ, ಅದರಲ್ಲೂ ಅರ್ಧ ಸಂಸಾರ "ಹಲೋ, ಕೇಳ್ತದಾ?" ಎನ್ನುವುದರಲ್ಲೇ ಮುಗಿದಿತ್ತು. ಪಾಪ, ಅವನಿಗೆ ಹೆಂಡತಿ ಬೇಕಿತ್ತು, ಅಷ್ಟೆ.

"ಹಾಕಪ್ಪ ಅರ್ಜಿ. ಹಿಡಿಯೋಕೆ ಯಾರೂ ಇಲ್ಲ, ಆದ್ರೆ ಲೈಸೆನ್ಸ್ ಕಡ್ಡಾಯ," ಎಂದರು ಮ್ಯಾನೇಜರ್ ಮುದ್ದುಕೃಷ್ಣ. ಮೈಸೂರಿನವರು, ಒಳ್ಳೆಯವರು, ಕೆಲಸವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಬೇಸರಪಡದವರು.

ಅರ್ಜಿ ಅರಬಿಯಲ್ಲಿರಬೇಕು. ಇರ್ಷಾದ್, ಬಿನ್ ಒಮ್ರಾನ್ ಎಂಬ ಬಡಾವಣೆಯ ಟೈಪಿಂಗ್ ಸೆಂಟರಿಗೆ ಹೋದ. ಹುದ್ದೆಯ ಹೆಸರಿನಲ್ಲಿ ಬಿ, ಎ, ಐ, ಎಲ್ ಎಂಬ ನಾಲ್ಕು ಅಕ್ಷರ ಕಂಡದ್ದೇ ಅವನು ಸಲೀಸಾಗಿ 'ಬೈಲ್' ಎಂದು ಓದಿದ. ತಪ್ಪು ಅವನದಲ್ಲ. ಅವನ ಮನೆಯ ಹೆಸರು ತೆಂಕಬೈಲ್. ಊರಲ್ಲಿ ಗದ್ದೆ ಬಯಲಿಗೆ ಬೈಲೆಂದೇ ಹೇಳುವುದು, ಪಾಸ್‌ಪೋರ್ಟಿನಲ್ಲೂ ಅದೇ ನಾಲ್ಕು ಅಕ್ಷರ.

ಲಖನೌ ಕಡೆಯ ಟೈಪಿಸ್ಟನಿಗೆ ಬೈಲ್ ಎಂದರೆ ಎತ್ತು.

"ಬೈಲ್ ಭಾಗ್ ಗಯಾ ತೋ ಪಕಡ್‌ಕೇ ಲಾನಾ?" ಎಂದು ಅವನು, ಓಡಿಹೋದರೆ ಹಿಡಿದು ತರುವುದೇ ಕೆಲಸವೆಂದು ಖಚಿತಪಡಿಸಿಕೊಂಡ.

"ಹಾಂ ಹಾಂ, ಪಕಡ್‌ಕೇ ಲಾನಾ. ಯಲ್ಲಾ, ಜಲ್ದಿ ಟೈಪ್ ಮಾರೋ," ಎಂದ ಇರ್ಷಾದ್.

ಕಂಪನಿಯ ಪರವಾನಗಿ ವಿಭಾಗದ ಅಧಿಕಾರಿ ರೆನಿಟಾ ಮಂಗಳೂರಿನವರು. ಅರ್ಜಿಯನ್ನು ಎರಡು ಸಲ ಓದಿ ತಲೆಯೆತ್ತಿದರು.

"ಓಡಿಹೋದ ಎತ್ತನ್ನು ಹಿಡಿಯುವ ಏಜೆಂಟ್ ಅಂತ ಉಂಟಲ್ಲ ಇರ್ಷಾದ್?"

"ಅಯ್ಯೋ, ಎತ್ತಲ್ಲ ಮೇಡಂ, ಮನುಷ್ಯ."

"ತಿದ್ದಬಹುದು. ಆದ್ರೆ ತಿದ್ದುಪಡಿ ಕೇಳ್ಲಿಕ್ಕೆ ನೀವು ಹುದ್ದೆಯಲ್ಲಿ ಇರ್ಬೇಕು. ಹುದ್ದೆಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಎತ್ತನ್ನು ಹಿಡಿದು ತೋರಿಸ್ಬೇಕು."

"ವೆಸ್ಟ್ ಬೇಯಲ್ಲಿ ಎತ್ತು ಎಲ್ಲಿಂದ ತರುವುದು ಮಾರಾಯ್ರೆ?"

ಅದಕ್ಕೂ ವ್ಯವಸ್ಥೆ ಇತ್ತು. ಮರುದಿನ ಲಿಫ್ಟಿನ ಪಕ್ಕ ಪ್ರಕಟಣೆ ಅಂಟಿಸಲಾಯಿತು: "ಎತ್ತು ಅಲಭ್ಯವಾದಲ್ಲಿ ಅದಕ್ಕೆ ತತ್ಸಮಾನರಾದ, ನಾಲ್ಕನೇ ದರ್ಜೆಗೆ ಕಡಿಮೆಯಿಲ್ಲದ ಸಿಬ್ಬಂದಿಯನ್ನು ಬಳಸತಕ್ಕದ್ದು. ಸದರಿ ಸಿಬ್ಬಂದಿಯು ಓಡತಕ್ಕದ್ದು."

ನಾಲ್ಕನೆಯದು ಕಂಪನಿಯ ಅತಿ ಮೇಲಿನ ದರ್ಜೆ, ಅದರಲ್ಲಿ ಇದ್ದವರು ಒಬ್ಬರೇ.

"ನಾನು ಎಂ.ಬಿ.ಎ. ಕಣ್ರೀ!" ಎಂದು ಮುದ್ದುಕೃಷ್ಣ ಕೂಗಾಡಿದರು.

"ಅಡ್ಡಿಯಿಲ್ಲ ಸರ್. ಎತ್ತಿಗೆ ಗರಿಷ್ಠ ವಿದ್ಯಾರ್ಹತೆ ನಿಗದಿಯಾಗಿಲ್ಲ," ಎಂದರು ರೆನಿಟಾ. "ಮೇವಿನ ಭತ್ಯೆ ಉಂಟು."

"ತಿಂಗಳು ತಿಂಗಳಾ?"

"ಎತ್ತಾಗಿರುವಷ್ಟು ಕಾಲ."

ಮುದ್ದುಕೃಷ್ಣ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು.

ಪರೀಕ್ಷೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನಡೆಯಿತು. ಎತ್ತು ಯಾರೂ ನಿರೀಕ್ಷಿಸದಷ್ಟು ಜೋರಾಗಿ ಓಡಿತು. ಗಾರ್ಡುಗಳು ಎತ್ತಿಗೆ ಸೆಲ್ಯೂಟ್ ಹೊಡೆದು ದಾರಿ ಬಿಟ್ಟರು. ಹಗ್ಗ ಹಿಡಿದು ಹಿಂದೆ ಬಂದ ಇರ್ಷಾದನನ್ನು ತಡೆದು ಪಾಸ್ ಕೇಳಿದರು. ಪಾಸ್ ತೋರಿಸುವಷ್ಟರಲ್ಲಿ ಎತ್ತು ನಾಪತ್ತೆ. ಇರ್ಷಾದನಿಗೆ ಅಳು ಬಂತು. ಶಾಹಿನಾ ಆಗಲೇ ಸೂಟ್‌ಕೇಸ್ ಕೊಂಡಾಗಿತ್ತು.

ಆಗ ಅವನಿಗೆ ಊರಲ್ಲಿನ ಹೆತ್ತ ಉಮ್ಮ ಸುಬೈದಾ ನೆನಪಾದಳು. ಹಗ್ಗ ಬಿಚ್ಚಿಕೊಂಡು ಬೈಲಿಗೆ ಇಳಿದ ದನದ ಹಿಂದೆ ಉಮ್ಮ ಒಂದು ದಿನವೂ ಓಡಿದವಳಲ್ಲ. ಅಂಗಳದಲ್ಲಿ ನಿಂತು ತೌಡಿನ ಬಾಲ್ದಿ ಬಡಿಯುತ್ತಿದ್ದಳು, ದನ ತಾನಾಗಿ ಬರುತ್ತಿತ್ತು. ಇರ್ಷಾದ್ ಹೋಗಿ ಎದುರಿನ ಅಂಗಡಿಯಿಂದ ಏಲಕ್ಕಿ ಹಾಕಿದ ಕರಕ್ ಚಹಾ ತಂದು, ಪಾರ್ಕಿಂಗಿನ ನಡುವೆ ನಿಂತು ಕೂಗಿದ:

"ಸಾರ್, ಕರಕ್! ಬಿಸಿ ಉಂಟು!"

ಕಂಬದ ಹಿಂದಿನಿಂದ ಎತ್ತು ನಡೆದುಬಂದು ಕಪ್ಪಿಗೆ ಕೈಯೊಡ್ಡಿತು. ಇರ್ಷಾದ್ ಕೊರಳಿಗೆ ಹಗ್ಗ ಹಾಕಿದ.

"ಸಕ್ಕರೆ ಕಮ್ಮಿ ಕಣೋ," ಎಂದಿತು ಎತ್ತು.

"ಎತ್ತು ಸಾಧು. ಅಭ್ಯರ್ಥಿ ಉತ್ತೀರ್ಣ," ಎಂದು ರೆನಿಟಾ ಬರೆದುಕೊಂಡರು. ತಿದ್ದುಪಡಿ ಮುಗಿಯುವವರೆಗೆ ಪುನಃ ಹೆಲ್ಪರ್ ಆಗಿರಬೇಕೆಂದು ತಿಳಿದ ಮೇಲೆ ಇರ್ಷಾದ್ 'ಎತ್ತಲ್ಲ, ಮನುಷ್ಯ' ಎಂಬ ವಿಷಯ ಎತ್ತಲೇ ಇಲ್ಲ.

ಶಾಹಿನಾ ಬಂದಳು. ಅಲ್ ಹಿಲಾಲ್ ಬಡಾವಣೆಯ ಒಂದು ಕೋಣೆಯ ಮನೆಯಲ್ಲಿ ಕೂತು, ಅವನ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎತ್ತಿನ ಏಜೆಂಟೋ ಕತ್ತೆಯ ಏಜೆಂಟೋ, ಸಂಜೆ ಮನೆಗೆ ಬರ್ತೀರಲ್ಲ, ಅಷ್ಟು ಸಾಕು," ಎಂದಳು.

ಅಷ್ಟರಲ್ಲಿ ಮೈಸೂರಿನಲ್ಲಿ ಮುದ್ದುಕೃಷ್ಣರ ಮಗಳು ಗಾನವಿಯ ನಿಶ್ಚಿತಾರ್ಥ ನಿಗದಿಯಾಯಿತು. ಮೇವಿನ ಭತ್ಯೆಗಾಗಿ ಅವರು ಕಡತದಲ್ಲಿ ಇನ್ನೂ ಎತ್ತಾಗಿಯೇ ಉಳಿದಿದ್ದರಿಂದ ರಜೆ ಮಂಜೂರಾಗಲಿಲ್ಲ. ಮ್ಯಾನೇಜರಿಗೆ ರಜೆ ಇತ್ತು, ಎತ್ತಿಗೆ ಇರಲಿಲ್ಲ.

"ಏಜೆಂಟರು ಜಾಮೀನು ನಿಂತರೆ ಬಿಡಬಹುದು," ಎಂದರು ರೆನಿಟಾ. "ಎತ್ತು ವಾಪಸ್ ಬಾರದಿದ್ರೆ ಲೈಸೆನ್ಸ್ ಖಲಾಸ್. ಲೈಸೆನ್ಸ್ ಹೋದ್ರೆ ಫ್ಯಾಮಿಲಿ ವೀಸಾ ಮಾಫಿ, ಇಲ್ಲವೇ ಇಲ್ಲ."

ಹೀಗೆ ಜಾಮೀನು ಎಂಬ ಶಬ್ದ ಕೊನೆಗೂ ಕಂಪನಿಯ ಕಡತಕ್ಕೆ ಕ್ರಮಬದ್ಧವಾಗಿ ಪ್ರವೇಶಿಸಿತು.

"ಬರ್ತೀರಲ್ಲ ಸಾರ್?" ಎಂದು ಇರ್ಷಾದ್ ಕೇಳಿದ.

"ಬರದೆ ಎಲ್ಲಿಗೆ ಹೋಗ್ಲಪ್ಪ? ಮೇವು ಇಲ್ಲೇ ಇದೆಯಲ್ಲ."

ಇರ್ಷಾದ್ ಜಾಮೀನಿಗೆ ಸಹಿ ಹಾಕಿದ.

ಮುದ್ದುಕೃಷ್ಣ ಮರಳಬೇಕಾದ ದಿನ ಶಾಹಿನಾ ಫ್ಲಾಸ್ಕಿಗೆ ಕರಕ್ ತುಂಬಿಸಿ, ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿ ಇರ್ಷಾದನನ್ನು ವಿಮಾನ ನಿಲ್ದಾಣಕ್ಕೆ ಕಳಿಸಿದಳು. ಬೆಂಗಳೂರಿನ ವಿಮಾನದವರೆಲ್ಲ ಹೊರಗೆ ಬಂದು ಟ್ಯಾಕ್ಸಿ ಹತ್ತಿದರು. ಎತ್ತು ಕಾಣಿಸಲಿಲ್ಲ. ಇರ್ಷಾದ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ.

"ಸಾರ್, ಕರಕ್!"

ಬಾಗಿಲಿನೊಳಗಿನಿಂದ ಮುದ್ದುಕೃಷ್ಣ ಟ್ರಾಲಿ ತಳ್ಳಿಕೊಂಡು ಅವಸರವಾಗಿ ಬಂದರು. ಕಪ್ಪು ತೆಗೆದುಕೊಂಡು, ಒಂದು ಗುಟುಕು ಕುಡಿದು, ಕತ್ತು ಬಗ್ಗಿಸಿ ನಿಂತರು.

"ಹಗ್ಗ ತಂದಿಲ್ಲ ಸಾರ್," ಎಂದ ಇರ್ಷಾದ್ ಸಂಕೋಚದಿಂದ.

"ಪರವಾಗಿಲ್ಲ ಕಣಪ್ಪ. ನಾಳೆ ಆಫೀಸಲ್ಲಿ ಹಾಕು."